ಮೂಲೆಯಲ್ಲಿ ಕೂತ ಅವ್ವ

ನೇಸರಗಿ
ತಾ. ೭-೩-೧೯೭೬, ರವಿವಾರ

ಪ್ರೀತಿಯ ತಮ್ಮ ಬಾಳೂಗೆ, ನಿನ್ನ ಅಕ್ಕ ಸೀತವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಹೇಗಿದ್ದೀಯೋ? ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ? ಮುಂಬಯಿಯಲ್ಲಿ ಜೋಳದ ರೊಟ್ಟಿಗೆ ಹುಡುಕಾಡಬೇಕು, ಪಾವು ತಿಂದು ತಿಂದು ನಾಲಿಗೆ ಸತ್ತುಹೋಗಿದೆ ಎಂದು ನೀನು ಮೊದಲ ಪತ್ರದಲ್ಲಿ ಬರೆದಿದ್ದೆ. ಈಗ ರೂಢಿಯಾಗಿರಬೇಕು. ಬಣ್ಣದ ಎಣ್ಣೆಯ ವಾಸನೆಗೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಸಿನೆಮಾದವರ ಮುಖಗಳನ್ನು ಮನೆಯಷ್ಟು ದೊಡ್ಡದಾಗಿ ಬರೆಯುತ್ತೀಯಲ್ಲ, ಬಿದಿರಿನ ಅಟ್ಟದ ಮೇಲೆ ನಿಂತಾಗ ಕೆಳಗೆ ನೋಡಬೇಡಪ್ಪಾ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಇಷ್ಟೆಲ್ಲ ಕೇಳುತ್ತೇನೆ, ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ. ಹಾಕಿದ ಪತ್ರ ಒಂದೂ ತಿರುಗಿ ಬಂದಿಲ್ಲ. ಅಂದರೆ ನಿನ್ನ ಕೈಸೇರುತ್ತಿವೆ. ಓದಿ, ಮಡಚಿ, ಎಲ್ಲೋ ತುರುಕುತ್ತೀ. ಅದನ್ನು ನೆನೆದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಜೀವಂತ ಇದ್ದಾನಲ್ಲ ಎಂದು ಸಮಾಧಾನವಾಗುತ್ತದೆ. ಹೀಗೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳುವುದೇ ನನ್ನ ಹಣೆಬರಹವಾಗಿದೆ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಅರ್ಧ ಕ್ಷೇಮ ಎಂದು ತಿಳಿದುಕೋ. ನಮ್ಮ ಮನೆಯವರಿಗೆ, ನಿನ್ನ ಮಾವನಿಗೆ, ಕೈತುಂಬ ಹೊಲಿಗೆಯ ಕೆಲಸವಿದೆ, ಮದುವೆಯ ದಿನಗಳು ಬಂದವಲ್ಲ. ಸಾಲಿಯಲ್ಲಿ ನನ್ನ ಕಲಿಸುವ ಕೆಲಸ ನಡೆದಿದೆ. ಮಗಳು ಬಾಯವ್ವ ಈಗ ಎರಡನೆಯ ಇಯತ್ತೆ. ಥೇಟ್ ನಿನ್ನ ಹಾಗೆ ಪಾಟಿಯ ಮೇಲೆ ಲೆಕ್ಕ ಬಿಟ್ಟು ಕತ್ತೆ ಬರೆಯುತ್ತಾಳೆ, ಮೇಲೆ ಆ ಕತ್ತೆಗೆ ಹೆಡ್‌ಮಾಸ್ತರರ ಕನ್ನಡಕ ಹಾಕುತ್ತಾಳೆ. ಬೈಯಬೇಕೆಂದು ಬಾಯಿ ತೆರೆದರೆ ನನಗೇ ನಗು ಬರುತ್ತದೆ. ಸೋದರಮಾವನ ಕೈ ಬಂದಿದೆ ಎಂದು ಊರವರು ಅನ್ನುತ್ತಾರೆ. ಅಪ್ಪ ಮಾತ್ರ ಚೆನ್ನಾಗಿಲ್ಲ.

ಅವನ ಕಣ್ಣಿನ ವಿಷಯ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಜನ್ಮವೆಲ್ಲ ಊರ ಗೋಡೆಗಳಿಗೆ ಸುಣ್ಣ ಹೊಡೆದ ಕಣ್ಣು, ಒಂದಿಷ್ಟು ಹನಿ ಸಿಡಿದರೆ ಧೋತರದ ಚುಂಗಿನಿಂದ ಒರೆಸಿಕೊಂಡು ಮತ್ತೆ ಕುಂಚ ಎತ್ತುತ್ತಿದ್ದ. ಈ ಸಲ ದೀಪಾವಳಿಯ ಮುಂದೆ ನಮ್ಮೂರು ಸಂಗೊಳ್ಳಿಯಲ್ಲಿ ಸುಣ್ಣ ಅರಳಿಸುವಾಗ ಕುದಿಯುವ ಗಡಿಗೆ ಒಡೆದು ಮುಖಕ್ಕೇ ಹಾರಿತು. ಆಗಿನಿಂದ ನಮ್ಮ ಮನೆಯಲ್ಲೇ ಇದ್ದಾನೆ. ಮುಂದೆ ಯಾರೋ ನಿಂತದ್ದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಬೆಳಗಾವಿಯ ಡಾಕ್ಟರರು ಲೈಟು ಬಿಟ್ಟು ನೋಡಿ, ಸುಣ್ಣ ಒಳಗಿನ ತನಕ ಸುಟ್ಟಿದೆ, ಉಳಿದ ಬೆಳಕೂ ಬೇಸಿಗೆ ದಾಟಲಿಕ್ಕಿಲ್ಲ ಎಂದರು. ಅಪ್ಪ ಎದ್ದು ರುಮಾಲು ಸುತ್ತಿಕೊಂಡು, ಡಾಕ್ಟರರಿಗೆ ಕೈಮುಗಿದು ಹೊರಗೆ ಬಂದ. ಬರುವ ಬಸ್ಸಿನಲ್ಲಿ ಒಂದೇ ಮಾತು ಆಡಿದ: "ಸೀತವ್ವಾ, ಇದು ಪೂರಾ ಆರೂದ್ರಾಗ ಅಕಿನ್ನ ಒಮ್ಮಿ ನೋಡಬೇಕು ನೋಡು." ಯಾರನ್ನಪ್ಪಾ ಎಂದೆ. "ನಿಮ್ಮವ್ವನ್ನ. ಬಾಳು ರಾಮದುರ್ಗದಾಗ ಚಿತ್ರ ತಗದಾನಲ್ಲ" ಎಂದ.

ಆ ಚಿತ್ರದ ಸುದ್ದಿಯನ್ನು ನಾನೇ ಅವನಿಗೆ ಹೇಳಿದ್ದೆ, ಆದರೆ ಆಗ ಅವನು ಕೇಳಿದ್ದಾನೆಂದೇ ಅನಿಸಿರಲಿಲ್ಲ. ನೀನು ಮುಂಬಯಿಯ ಹಾದಿ ಹಿಡಿಯುವ ಮುಂಚೆ ನಮ್ಮ ಮನೆಗೆ ಬಂದು ಉಣ್ಣುತ್ತ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ರಾಮದುರ್ಗದ ಕಾರಭಾರಿ ವಾಡೆಯ, ಆ ದೊಡ್ಡ ಮನೆಯ ಪಡಸಾಲೆಯಲ್ಲಿ ನಿಮ್ಮ ಉಸ್ತಾದ ಸತ್ಯಪ್ಪನ ಕೈಕೆಳಗೆ ಗೋಡೆ ತುಂಬ ಒಂದು ಬಾಗಿನ, ಅಂದರೆ ಹೂದೋಟದ, ಚಿತ್ರ ಬರೆದಿರಿ. ಜೋಕಾಲಿಯ ಮೇಲೆ ವಾಡೆಯ ಹೆಣ್ಣುಮಕ್ಕಳು, ನಡುವೆ ಕಾರಂಜಿ, ಸಿತಾರ ಹಿಡಿದ ಒಬ್ಬಾಕೆ, ಎರಡು ನವಿಲು. ಬಲಗಡೆಯ ಮೂಲೆಯ ಗಿಡಗಳನ್ನು ಉಸ್ತಾದ ನಿನಗೆ ಬಿಟ್ಟಿದ್ದ. ಅಲ್ಲಿ ಮಾವಿನ ಬುಡಕ್ಕೆ ನೀನು ಅವ್ವನನ್ನು ಬರೆದೆ. "ಯಾರಿದು ಅಂದ್ರ ಹೂವಿನ ತ್ವಾಟದ ಮಾಲಗಾರ್ತಿ ಅಂತ ಹೇಳೇನಿ ಅಕ್ಕಾ. ನಿಂತು ದುಡದು ಸವದ ಜೀವ, ಅಲ್ಯರ ಆರಾಮ ಕುಂದರ್ಲಿ ಅಂತ ಕುಂದ್ರಿಸೇನಿ" ಎಂದಿದ್ದೆ. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಅವ್ವನ ಗುರುತು ಈ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಅದಕ್ಕೂ ಮುಂಚಿನದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ನಿನ್ನ ಮಗ್ಗುಲಿನಿಂದಷ್ಟೇ ನೋಡಿ ಎದ್ದುಹೋದವನು. ಅವ್ವ ತೀರಿದ ದಿನಗಳಲ್ಲಿ ನೀನು ಯಾರೊಡನೆಯೂ ಮಾತಾಡದೆ ಒಲೆಯ ಇದ್ದಿಲು ತೆಗೆದುಕೊಂಡು ಒಳಮನೆಯ ಗೋಡೆಯ ಮೇಲೆ ಅವಳ ಮುಖ ಬರೆದೆ. ಓಣಿಯ ಹೆಂಗಸರು ಬಂದು ನೋಡಿ "ಎದ್ದು ಬಂದಂಗ ಕಾಣತಾಳವ್ವಾ ಕೆಂಪವ್ವ" ಎಂದು ಹಾಡ್ಯಾಡಿ ಅತ್ತರು. ಸೂತಕ ಕಳೆಯುವ ದಿನ ಪದ್ಧತಿಯಂತೆ ಮನೆಗೆಲ್ಲ ಸುಣ್ಣ ಹೊಡೆಯಬೇಕಿತ್ತು. ಅಪ್ಪ ಹೊರಗೋಡೆಯಿಂದ ಶುರುಮಾಡಿ ಒಳಗೆ ಬಂದ. ನೀನು ಅಡ್ಡ ನಿಂತೆ. "ಸೂತಕದ ಮನ್ಯಾಗ ಒಂದು ಗ್ವಾಡಿ ಬಿಟ್ಟು ಸುಣ್ಣ ಹೊಡ್ಯಾಕ ಬರೂದಿಲ್ಲೋ" ಎಂದು ನಿನ್ನ ರಟ್ಟೆ ಹಿಡಿದು ಸರಿಸಿ ಕುಂಚ ಎಳೆದುಬಿಟ್ಟ. ನೀನು ಹೊಸ್ತಿಲು ದಾಟಿದವನು ಮತ್ತೆ ಸಂಗೊಳ್ಳಿಯ ಕಡೆ ಮುಖ ಹಾಕಲಿಲ್ಲ. ನೀನು ನೋಡದ್ದು ಇಷ್ಟು: ಆ ಸಂಜೆ ಸುಣ್ಣ ಒಣಗಿದ ಮೇಲೆ ಅಪ್ಪ ಕಂದೀಲು ಹಿಡಿದು ಆ ಗೋಡೆಗೆ ಕಣ್ಣು ಹಚ್ಚಿ ನಿಂತಿದ್ದ, ಕಪ್ಪು ಗೆರೆ ಎಲ್ಲಿಯಾದರೂ ಮೂಡಿದೆಯೇ ಎಂದು. ಅವನ ಕೈಯ ಸುಣ್ಣ, ಮೂಡಲಿಲ್ಲ. ಅವನನ್ನು ಕ್ಷಮಿಸು ಎಂದು ನಾನು ಹೇಳುತ್ತಿಲ್ಲ. ನನಗೂ ಆ ದಿನ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಂತೂ ಮೊನ್ನೆ ಗುರುವಾರ ಸಾಲಿಗೆ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೊರಟೆ. ನಿನ್ನ ಮಾವ ಅವನಿಗೆ ಹೊಸ ನೆಹರು ಶರ್ಟು ಹೊಲಿದುಕೊಟ್ಟಿದ್ದರು. ಮುಂಜಾನೆ ಎದ್ದು ತಣ್ಣೀರಿನಲ್ಲೇ ಮೈ ತೊಳೆದುಕೊಂಡು, ಗಡ್ಡ ಹೆರೆಸಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ಬಾಯವ್ವ "ಅಜ್ಜಾ, ಕನ್ಯಾ ನೋಡಾಕ ಹೊಂಟೀಯೇನು?" ಎಂದು ಕಾಡಿದಳು. "ಹೂಂ, ನಿಮ್ಮ ಅಜ್ಜಿನ್ನ ನೋಡಾಕ ಹೊಂಟೇನಿ" ಎಂದ. ಎಷ್ಟು ದಿನಗಳ ಮೇಲೆ ಅವನು ನಕ್ಕದ್ದು ನೋಡಿದೆ! ಯರಗಟ್ಟಿಯಲ್ಲಿ ಇಳಿದು ರಾಮದುರ್ಗದ ಗಾಡಿ ಹಿಡಿದೆವು. ಹಾದಿಯುದ್ದಕ್ಕೂ ಒಂದೇ ಚಿಂತೆ ಅವನಿಗೆ: "ನಾವು ಮುಟ್ಟೂದ್ರಾಗ ಹೊತ್ತು ಇಳೀತೈತೇನು? ಬೆಳಕು ಇರಬೇಕವ್ವಾ, ಬೆಳಕಿದ್ರ ಚೂರು ತಿಳೀತೈತಿ."

ಆ ವಾಡೆಗಳ ಓಣಿಯ ಬಗ್ಗೆ ನೀನು ಹೇಳುವಾಗ ನಾನು ನಿನ್ನನ್ನು ಚೇಷ್ಟೆ ಮಾಡುತ್ತಿದ್ದೆ, ಬಣ್ಣದವನ ಬಾಯಿಗೂ ಬಣ್ಣ ಎಂದು. ನೀನು ಹೇಳಿದ್ದು ಕಡಿಮೆಯೇ. ಪೇಟೆಯ ಗದ್ದಲ ದಾಟಿ ಒಂದು ಕಲ್ಲಿನ ಕಮಾನು ಹಾದರೆ ಬೇರೆಯೇ ಊರು. ಎರಡೂ ಕಡೆ ಎರಡು ಅಂತಸ್ತಿನ ವಾಡೆಗಳು, ಹೊರಚಾಚಿದ ಕಟ್ಟಿಗೆಯ ಸಜ್ಜಾಗಳು, ಅವುಗಳ ಕೆಳಗೆ ಗಿಳಿ ಕೊರೆದ ತೊಲೆಗಳು. ಯಾರದೋ ಮಾಡಿಯ ಮೇಲೆ ಒಬ್ಬರು ತಬಲಾ ಕಲಿಸುತ್ತಿದ್ದರು, ತಪ್ಪಿದವನನ್ನು ಮರಾಠಿಯಲ್ಲಿ ಬೈಯುತ್ತಿದ್ದರು. ನಾಟಕದ ಪರದೆ ಬರೆಯುವವರು ನಿಮ್ಮ ಕಾಲದಲ್ಲಿ ಕೂಡುತ್ತಿದ್ದ ಕಟ್ಟೆಯ ಮೇಲೆ ಈಗಲೂ ಒಬ್ಬ ಮುದುಕ ಅರಮನೆಯ ಪರದೆಯೊಂದನ್ನು ಬಿಸಿಲಿಗೆ ಹರವಿ ಕೂತಿದ್ದ. ಸಂಸ್ಥಾನ ಹೋದ ಮೇಲೆ ಕಳೆಯೇನೋ ಇಳಿದಿದೆ. ಒಂದು ವಾಡೆ ಬ್ಯಾಂಕಾಗಿದೆ, ಒಂದರಲ್ಲಿ ಅರಳೆಯ ಅಂಗಡಿಯ ಆಫೀಸು. ಆದರೆ ನಡುವಿನ ದೊಡ್ಡ ಬಾಗು ಹಾಗೇ ಇದೆ. ಕಲ್ಲಿನ ಬೆಂಚು, ಗುಲಾಬಿಯ ಮಡಿ, ನೀರಿಲ್ಲದ ಕಾರಂಜಿ, ಅದರ ಸುತ್ತ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ನಾನು ಒಂದೊಂದನ್ನೂ ಅಪ್ಪನಿಗೆ ಹೇಳುತ್ತ ನಡೆದೆ. ಹಾಗೆ ಹೇಳುವುದು ನನಗೆ ಆಗಲೇ ರೂಢಿಯಾಗಿತ್ತು.

ಕಮಾನಿನ ಹತ್ತಿರ ಬಂದಾಗ ಅಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ಹರೆಯದಲ್ಲಿ ನಮ್ಮವರು ಆ ಓಣಿಯಲ್ಲಿ ಹಾಗೆಯೇ ಹೋಗಬೇಕಿತ್ತು. "ಹಾಕ್ಕೋ ಅಪ್ಪಾ, ಕಾಲ ಬದಲಾಗೇತಿ" ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆ. "ಬದಲಾಗಿದ್ದು ಖರೆ. ಕಾಲಿಗೆ ತಿಳೀಬೇಕಲ್ಲ" ಎಂದ, ಬರಿಗಾಲಿನಲ್ಲೇ ನಡೆದ. ಹೋಗುತ್ತ ಹೋಗುತ್ತ ಮತ್ತೊಂದು ಮಾತು ಹೇಳಿದ. ಅವ್ವ ಈ ಓಣಿಗೆ ಅವನ ಸಂಗಡ ಸುಣ್ಣದ ಬುಟ್ಟಿ ಹೊತ್ತು ಬಂದಿದ್ದಳಂತೆ, ವಾಡೆಯ ಹಿತ್ತಲಗೋಡೆ ಹೊಡೆಯಲು. ಒಳಗೆ ಹೋಗುವ ಮಾತಿಲ್ಲ, ಕುಡಿಯುವ ನೀರನ್ನೂ ಮೇಲಿನಿಂದ ಹಾಕುತ್ತಿದ್ದರು. "ಅಂಥಾ ಪಡಸಾಲ್ಯಾಗ ಅಕಿನ್ನ ಕುಂದ್ರಿಸ್ಯಾನ ನೋಡು ನನ್ನ ಮಗಾ. ನನ್ನ ಕೈಲಿ ಆಗಿದ್ದಿಲ್ಲ ಅದು" ಎಂದ. ಇದನ್ನು ನೀನು ಎರಡು ಸಲ ಓದು.

ಕಾರಭಾರಿ ವಾಡೆಯ ಬಾಗಿಲಲ್ಲಿ ದುಂಡಪ್ಪ ಎಂಬ ಕಾವಲುಗಾರ ಇದ್ದ. ನಾನು ಸಾಲಿಯ ಅಕ್ಕೋರು ಎಂದದ್ದಕ್ಕೆ ಎದ್ದು ನಿಂತು, "ಬರ್ರಿ ಅಕ್ಕೋರ, ಧಣ್ಯಾರು ಪುಣೇಕ ಹೋಗ್ಯಾರ, ಬಾಗು ನೋಡ್ರಿ, ಪಡಸಾಲಿ ನೋಡ್ರಿ, ಯಾರೂ ಬ್ಯಾಡ ಅನ್ನೂದಿಲ್ಲ" ಎಂದ. ಅಪ್ಪ ಮೆಟ್ಟಿಲ ಕೆಳಗೆ ನಿಂತು ಕಾಲಿನ ಧೂಳು ಝಾಡಿಸಿಕೊಳ್ಳುತ್ತಿದ್ದ. ನಾನು ಒಂದಿಷ್ಟು ಮುಂದಾಗಿ ಪಡಸಾಲೆ ಹತ್ತಿದೆ. ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಬಾಳೂ, ಗೋಡೆ ಬೆಳ್ಳಗಿತ್ತು. ಈ ತುದಿಯಿಂದ ಆ ತುದಿಯ ತನಕ ಬೆಳ್ಳಗೆ. ಜೋಕಾಲಿಯಿಲ್ಲ, ಕಾರಂಜಿಯಿಲ್ಲ, ಮೂಲೆಯಲ್ಲಿ ಏನೂ ಇಲ್ಲ. ಇಲ್ಲೊಂದು ಚಿತ್ರವಿತ್ತಲ್ಲ ಎಂದು ಕೇಳಿದೆ. "ಇತ್ತರಿ, ಅಗದಿ ಚಲೋ ಚಿತ್ರ. ಹ್ವಾದ ತಿಂಗಳ ಹಿರೇ ಬಾಯಿಸಾಹೇಬ್ರು ತೀರಿಕೊಂಡ್ರು. ಸೂತಕ ಕಳದ ದಿವಸ ಇಡೀ ವಾಡೇಕ ಸುಣ್ಣಾ ಹೊಡಿಸಿದ್ರು. ಮಂದಿ ಚಿತ್ರ ಬಿಡ್ರಿ ಅಂದ್ರು. ಒಂದು ಗ್ವಾಡಿ ಬಿಡಾಕ ಬರತೈತೇನ್ರಿ ಅಂತ ಧಣ್ಯಾರ ಅಂದ್ರು" ಎಂದ ದುಂಡಪ್ಪ. ಅವನ ಮೇಲೆ ಸಿಟ್ಟು ಮಾಡಲೂ ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಮೆಟ್ಟಿಲು ಹತ್ತಿದ. ನಾನು ದುಂಡಪ್ಪನಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದೆ. ಯಾಕೆ ಹಾಗೆ ಮಾಡಿದೆನೋ, ಆ ಹೊಸ ಶರ್ಟು ನೋಡಿ ನನಗೆ ನಿಜ ಹೇಳಲಿಕ್ಕಾಗಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಎತ್ತಿ, "ಎಲ್ಲಾ ಬೆಳ್ಳಗ ಕಾಣತೈತಲ್ಲ" ಎಂದ. ಬಿಸಿಲು ಬಿದ್ದೈತಿ ಅಪ್ಪಾ, ಝಳಕ್ಕ ಹಂಗ ಕಾಣತೈತಿ ಎಂದೆ. "ಹಂಗಾದ್ರ ನೀ ಹೇಳು, ನಾ ಕೇಳತೇನಿ. ಕೇಳಿದ್ರ ಕಂಡೀತು" ಎಂದ. ನಾನು ಹೇಳುತ್ತ ಹೋದೆ. ನೀನು ಹೇಳಿದ್ದನ್ನೆಲ್ಲ ಆ ಬೋಳು ಗೋಡೆಯ ಮೇಲೆ ಕೈ ಆಡಿಸುತ್ತ ಹೇಳಿದೆ. ಜೋಕಾಲಿಯ ಹಗ್ಗ, ಹೆಣ್ಣುಮಕ್ಕಳ ಸೀರೆ, ನವಿಲಿನ ಕತ್ತು. ಅಪ್ಪ ಒಂದೊಂದಕ್ಕೂ ತಲೆಯಾಡಿಸುತ್ತಿದ್ದ. ಮೂಲೆಗೆ ಬಂದೆ. ಮಾವಿನ ಗಿಡ ಅಪ್ಪಾ, ಅದರ ಬುಡಕ್ಕ ಅವ್ವ ಕುಂತಾಳ, ಹಸರ ಇಳಕಲ್ ಸೀರಿ, ಮಗ್ಗಲಕ ಬುಟ್ಟಿ ಐತಿ ಎಂದೆ. "ಕಾಲ ಚಾಚಿ ಕುಂತಾಳೇನು?" ಎಂದು ಕೇಳಿದ. ಹೂಂ, ಚಾಚ್ಯಾಳ ಎಂದೆ. "ಮಾರಿ ಹ್ಯಾಂಗ ತಗದಾನ? ಮಾರಿ ಹೇಳು" ಎಂದ. ಅವ್ವನ ಮುಖ ಕೇಳಿದ್ದೇ ನನ್ನ ಬಾಯಿ ಕಟ್ಟಿತು. ಅಳಲಿಕ್ಕೆ ಹತ್ತಿದ್ದಾಳೆಂದು ಅಪ್ಪ ತಿಳಿದ. "ಇರ್ಲಿ ಬಿಡು ತಾಯಿ" ಎಂದು ತಾನೇ ಮುಂದೆ ಬಂದು, ನಾನು ತೋರಿಸಿದ ಮೂಲೆಯನ್ನು ಅಂದಾಜಿನ ಮೇಲೆ ಹುಡುಕಿ ಅಂಗೈ ಊರಿದ.

ಊರಿದ ಕೈ ಹಾಗೆಯೇ ಇತ್ತು. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದ, ಬೆರಳು ಬೆರಳು ತಿಕ್ಕಿ ನೋಡಿದ. ಜನ್ಮವೆಲ್ಲ ಅದರಲ್ಲೇ ಮುಳುಗಿದ ಕೈಗೆ ನಾನು ಏನು ಸುಳ್ಳು ಹೇಳಬಲ್ಲೆ? ಬೈಯುತ್ತಾನೆ ಎಂದುಕೊಂಡೆ, ಅಳುತ್ತಾನೆ ಎಂದುಕೊಂಡೆ. "ಸುಣ್ಣಾ ಚಲೋ ಹೊಡದಾರ" ಎಂದ, ಅಷ್ಟೇ. ದುಂಡಪ್ಪ ಮುಖ ತಿರುಗಿಸಿಕೊಂಡು ಬಾಗಿನ ಕಡೆ ಹೋದ. ಅಪ್ಪ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ವಾಡೆಯ ತಂಬಿಗೆಯಲ್ಲೇ ತಂದುಕೊಟ್ಟರು, ಅವನು ಎತ್ತಿ ಗಟಗಟ ಕುಡಿದ. ಮರಳಿ ಬರುವ ಬಸ್ಸಿನಲ್ಲಿ ಅಂಗೈಯನ್ನು ಶರ್ಟಿಗೆ ಒರೆಸಿಕೊಳ್ಳದೆ ತೊಡೆಯ ಮೇಲೆ ಮೇಲ್ಮುಖ ಮಾಡಿ ಇಟ್ಟುಕೊಂಡೇ ಬಂದ. ಯರಗಟ್ಟಿಯಲ್ಲಿ ಚಹಾ ಕುಡಿಸಿದೆ, ಅದನ್ನೂ ಎಡಗೈಯಲ್ಲೇ ಹಿಡಿದ.

ನಿನ್ನೆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಹತ್ತಿರ ಬಂದು ಕೂತ. "ಬಾಳೂಗ ಪತ್ರ ಬರಿ" ಎಂದ. ಏನಂತ ಬರೀಲಿ ಎಂದೆ. "ಅಪ್ಪ ಬಂದು ಚಿತ್ರ ನೋಡಿದಾ ಅಂತ ಬರಿ. ಅಗದಿ ಖರೇ ಅವ್ವ ಬಂದು ಕುಂತಂಗ ತಗದೀ ಅಂತ ಹೇಳ್ಯಾನ ಅಂತ ಬರಿ. ಸುಣ್ಣದ್ದು ಬರೀಬ್ಯಾಡ. ನನ್ನ ಕೈಲೆ ಒಮ್ಮಿ ಅಳಿಸಿದ್ದು ಸಾಕಾಗೇತಿ ಅವಂಗ" ಎಂದ. ಹಾಗೆಯೇ ಬರೆಯುತ್ತೇನೆಂದು ಮಾತು ಕೊಟ್ಟೆ, ಈಗ ಮುರಿದು ಎಲ್ಲ ಬರೆದುಬಿಟ್ಟೆ. ಯಾಕೆಂದರೆ ಆ ಸುಳ್ಳು ನಿನಗೆ ಹಿತವಾಗುತ್ತಿತ್ತು, ಹಿತವಾದರೆ ನೀನು ಇನ್ನಷ್ಟು ವರ್ಷ ಅಲ್ಲೇ ಇರುತ್ತಿದ್ದೆ. ನಿನ್ನ ಚಿತ್ರವನ್ನು ಒಮ್ಮೆಯೂ ಹೊಗಳದ ಮನುಷ್ಯ ಬೋಳು ಗೋಡೆ ಮುಟ್ಟಿ ಬಂದು ಹೊಗಳಿದ್ದಾನೆ. ಇದಕ್ಕಿಂತ ಹೆಚ್ಚಿಗೆ ಅವನಿಂದ ಏನು ಬೇಕೋ ನಿನಗೆ? ಬೇಸಿಗೆ ಬಂದಿದೆ. ಮುಂದಿನ ತಿಂಗಳು ನೀನು ಬಂದು ಎದುರು ನಿಂತರೂ ಅವನಿಗೆ ಕಾಣಲಿಕ್ಕಿಲ್ಲ. ಈಗ ಬಂದರೆ ಉದ್ದಗೆ ಯಾರೋ ನಿಂತಿದ್ದಾರೆ ಎಂಬಷ್ಟಾದರೂ ಕಂಡೀತು.

ನಾಳೆ ಸಾಲಿಗೆ ಹೋಗುವಾಗ ಇದನ್ನು ಟಪಾಲು ಡಬ್ಬಿಗೆ ಹಾಕುತ್ತೇನೆ. ನಿನ್ನ ಮಾವ ಕೇಳಿದ್ದಾರೆ, ಅಂಗಿಯ ಅಳತೆ ಕಳಿಸಿದರೆ ಎರಡು ಹೊಲಿದು ಇಡುತ್ತಾರಂತೆ. ಬಾಯವ್ವನ ನಮಸ್ಕಾರ, ಜೊತೆಗೆ ಒಂದು ಕತ್ತೆ, ಬೇರೆ ಹಾಳೆಯ ಮೇಲೆ ಇದೆ. ಅಪ್ಪನ ಆಶೀರ್ವಾದ ಅವನು ಬಾಯಿಬಿಟ್ಟು ಹೇಳಿಲ್ಲ, ನಾನೇ ಬರೆಯುತ್ತಿದ್ದೇನೆ, ಎರಡೂ ಕೈಯಿಂದ ತೆಗೆದುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಎಚ್ಚರದಿಂದ ಇರು.

ನಿನ್ನ ದಾರಿ ಕಾಯುವ
ಅಕ್ಕ ಸೀತವ್ವ

ತಾ.ಕ. — ಸೋಮವಾರ ಮುಂಜಾನೆ. ಸಾಲಿಯ ಗಂಟೆಯ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಆ ಗೋಡೆಯ ಮುಂದೆ ನನ್ನ ಬಾಯಿ ಕಟ್ಟಿದ್ದು ಅಳುವಿಗಲ್ಲ. ಅವ್ವನ ಮುಖ ನನಗೆ ನೆನಪಾಗಲಿಲ್ಲ ಬಾಳೂ. ಸೀರೆ ಬಂತು, ಕೈಬಳೆ ಬಂತು, ನನ್ನನ್ನು ಕರೆಯುವ ದನಿ ಬಂತು, ಮುಖ ಬರಲಿಲ್ಲ. ಮನೆಗೆ ಬಂದ ಮೇಲೂ ಕಣ್ಣುಮುಚ್ಚಿ ಕೂತು ನೋಡಿದೆ, ಬರುತ್ತಿಲ್ಲ. ಅಪ್ಪನಿಗೆ ನೆನಪಿದ್ದರೂ ಅವನು ಅದನ್ನು ನನಗೆ ತೋರಿಸಲಾರ. ಈಗ ಅದು ಇರುವುದು ನಿನ್ನ ಕೈಯಲ್ಲಿ ಮಾತ್ರ. ನೀನು ಬರದಿದ್ದರೂ ಇರಲಿ, ಪತ್ರ ಬರೆಯದಿದ್ದರೂ ಇರಲಿ, ಒಂದು ಕಾರ್ಡಿನ ಮೇಲೆ ಅವ್ವನ ಮುಖ ಬರೆದು ಹಾಕು. ಕೆಳಗೆ "ಅವ್ವ" ಎಂದು ಬರೆ. ಬರೆಯದಿದ್ದರೆ ನನಗೆ ಗುರುತು ಹತ್ತುವುದೋ ಇಲ್ಲವೋ.